ಉಡುದಾರ ಬಿಗಿಯಾದಾಗ

ಬರಕ್ಕೆ ಹೆಸರಾದ ಆಂಧ್ರದ ಆದೋನಿ ಸೀಮೆಗೆ ಬೊಜ್ಜು ಬಂದದ್ದಾದರೂ ಹೇಗೆ? ತಟ್ಟೆ ಬದಲಾಯಿತು, ದುಡಿಮೆ ಬದಲಾಯಿತು. ಮೈ ಮಾತ್ರ ಇನ್ನೂ ಬರಗಾಲದ ಲೆಕ್ಕವನ್ನೇ ಬರೆಯುತ್ತಿದೆ.

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಬರೀ ತೂಕ ನೋಡಿ ಯಾರೂ ಹತ್ತಿ ಕೊಳ್ಳುವುದಿಲ್ಲ. ವ್ಯಾಪಾರಿ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ಒಂದು ಹಿಡಿ ಎಳೆದು, ಬೆರಳಲ್ಲಿ ಹಿಂಜಿ ತೇವ ನೋಡುತ್ತಾನೆ. ಭಾರತೀಯ ಹತ್ತಿ ನಿಗಮ ಪೂರ್ತಿ ಬೆಂಬಲ ಬೆಲೆ ಕೊಡುವುದು ತೇವಾಂಶ ಶೇ 8ರೊಳಗೆ ಇದ್ದರೆ; ಶೇ 12 ದಾಟಿದರೆ ಕೊಳ್ಳುವುದೇ ಇಲ್ಲ. ಕಾಟಾದ ಮೇಲೆ ಎರಡು ಮೂಟೆ ಸಮ ತೂಗಬಹುದು, ಒಳಗಿರುವುದು ಬೇರೆ ಬೇರೆ.

ಮೈಯ ತೂಕಕ್ಕೂ ಇದೇ ನ್ಯಾಯ. ಯಾರ್ಡಿನ ಹೊರಗೆ ಬೆಳಿಗ್ಗೆ ಒಂದೇ ಬಂಡಿಯ ಮುಂದೆ ಹಮಾಲಿಯೂ ನಿಲ್ಲುತ್ತಾನೆ, ದಲಾಲಿ ಅಂಗಡಿಯ ಸಾಹುಕಾರನೂ ನಿಲ್ಲುತ್ತಾನೆ. ಇಬ್ಬರ ಕೈಯಲ್ಲೂ ಮಂಡಕ್ಕಿ ಒಗ್ಗರಣೆ, ಮಿರ್ಚಿ; ತೆಲುಗಿನಲ್ಲಿ ಕೇಳಿದರೆ ಅದೇ ಉಗ್ಗಾಣಿ, ಬಜ್ಜಿ. ಒಬ್ಬ ಅದನ್ನು ಮಧ್ಯಾಹ್ನದೊಳಗೆ ಮೂಟೆ ಹೊತ್ತು ಕರಗಿಸುತ್ತಾನೆ. ಇನ್ನೊಬ್ಬ ಗಾದಿಯ ಮೇಲೆ ಕೂತು ಸಂಜೆಯೊಳಗೆ ಆರು ಲೋಟ ಚಹಾ ಕುಡಿಯುತ್ತಾನೆ. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೂ ಸುಮಾರು 40 ಕ್ಯಾಲೊರಿ, ಆರಕ್ಕೆ 240. ಊಟದ ಲೆಕ್ಕಕ್ಕೆ ಬಾರದ ಒಂದು ಊಟ. ವರ್ಷಕ್ಕೊಮ್ಮೆ ಉಡುದಾರ ಬದಲಿಸುವಾಗ ಗಂಟು ಒಂದು ಬೆರಳು ಆಚೆ ಸರಿಯುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ.

‘ಮೈ ಬಂದಿದೆ’ ಎಂಬ ಹೊಗಳಿಕೆ

ನಮ್ಮ ಕಡೆ ಊರಿಂದ ಬಂದವರನ್ನು ಮೊದಲು ಕೇಳುವುದು ‘ಯಾಕವ್ವಾ, ಸೊರಗಿದೀಯಲ್ಲ?’ ಎಂದು. ತುಂಬಿಕೊಂಡಿದ್ದರೆ ‘ಮೈ ಬಂದಿದೆ, ಸುಖವಾಗಿದ್ದಾಳೆ’ ಎನ್ನುತ್ತೇವೆ. ತೆಳುವು ಕಷ್ಟದ ಗುರುತು, ತುಂಬಿದ ಮೈ ನೆಮ್ಮದಿಯ ಗುರುತು. ಈ ಮಾತುಗಳು ಸುಮ್ಮನೆ ಹುಟ್ಟಿದವಲ್ಲ.

1876–78ರ ಧಾತು ಬರದಲ್ಲಿ ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. 1877ರಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಬರದ ಕಾಮಗಾರಿಗೆ ಬಂದ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆಗೆ ಇಳಿಸಿದ. ಅಂದರೆ ಅರ್ಧ ಕಿಲೋಗೂ ಕಡಿಮೆ ಕಾಳು. ಇಷ್ಟರಲ್ಲಿ ದುಡಿಯುವ ಮೈ ಬದುಕದು ಎಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ವಿಲಿಯಂ ಕಾರ್ನಿಶ್ ವಾದಿಸಿದ. ಕೆಲವು ತಿಂಗಳಲ್ಲಿ ಕೂಲಿ ಮತ್ತೆ ಏರಿತು. 1881ರ ಜನಗಣತಿಗೆ ಬಳ್ಳಾರಿ, ಕರ್ನೂಲು ಎರಡೂ ಜಿಲ್ಲೆಗಳ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಬಹಳ ಕುಗ್ಗಿತ್ತು. ಎಷ್ಟು ಕಡಿಮೆ ತಿಂದರೆ ಜೀವ ಉಳಿದೀತು ಎಂದು ಚರ್ಚೆ ನಡೆದ ನೆಲ ಇದು. ಇಲ್ಲಿ ಹೊಟ್ಟೆ ಬಂದವನನ್ನು ಅನುಮಾನದಿಂದ ನೋಡುವುದು ಹೇಗೆ?

ಹಸಿವು ಇನ್ನೂ ಪೂರ್ತಿ ಹೋಗಿಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಮಂತ್ರಾಲಯ, ಕೌತಾಳದ ಕಡೆಯ ಕುಟುಂಬಗಳು ಇಂದಿಗೂ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಆದರೆ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಆಂಧ್ರಪ್ರದೇಶದಲ್ಲಿ ಶೇ 36.3ರಷ್ಟು ಮಹಿಳೆಯರು, ಶೇ 31.1ರಷ್ಟು ಗಂಡಸರು ಅತಿತೂಕದವರು. ದೇಶದ ಸರಾಸರಿ ಶೇ 24 ಮತ್ತು 22.9. ಅದೇ ಸಮೀಕ್ಷೆಯಲ್ಲಿ ಅದೇ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಬೊಜ್ಜೂ ರಕ್ತದ ಕೊರತೆಯೂ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ ಇವೆ. ಹೊಟ್ಟೆ ತುಂಬುವುದಕ್ಕೂ ಮೈಗೆ ಬೇಕಾದದ್ದು ಸಿಗುವುದಕ್ಕೂ ಇರುವ ದೂರ ಅದು.

ರೊಟ್ಟಿಯಿಂದ ಅನ್ನಕ್ಕೆ

ಈ ಸೀಮೆಯ ಮೂಲ ಊಟ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ, ಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಚಟ್ನಿ. ಅನ್ನ ಹಬ್ಬದ ಊಟವಾಗಿತ್ತು. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಡತೊಡಗಿದ ಮೇಲೆ ಅನ್ನ ದಿನದ ಊಟವಾಯಿತು. ಅದು ಬಡವರ ಹಸಿವನ್ನು ನಿಜವಾಗಿ ನೀಗಿಸಿದ ಯೋಜನೆ. ಅದನ್ನು ಹಳಿಯುವುದು ತಪ್ಪು. ಆದರೆ ಅದರ ಹಿಂದೆಯೇ ಹೊಲದಲ್ಲಿ ಜೋಳದ ಜಾಗಕ್ಕೆ ಹತ್ತಿ ಬಂತು, ಅಡುಗೆಮನೆಯಲ್ಲಿ ಗಾಣದ ಶೇಂಗಾ ಎಣ್ಣೆಯ ಜಾಗಕ್ಕೆ ಅಗ್ಗದ ಪಾಮೊಲಿನ್ ಪಾಕೀಟು ಬಂತು. ಚಮಚದಲ್ಲಿ ಹಾಕುತ್ತಿದ್ದ ಎಣ್ಣೆಯನ್ನು ಸುರಿಯತೊಡಗಿದೆವು.

ಜೋಳವೂ ಅಮೃತವಲ್ಲ. ನೂರು ಗ್ರಾಂ ಜೋಳಕ್ಕೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ನಾರಿನಲ್ಲಿದೆ: ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ರೊಟ್ಟಿಯನ್ನು ಅಗಿಯಬೇಕು, ಎರಡಕ್ಕೆ ಹೊಟ್ಟೆ ಸಾಕೆನ್ನುತ್ತದೆ. ಅನ್ನಕ್ಕೆ ಸಾರು ಸುರಿದರೆ ಮೂರನೆಯ ಸಲ ಬಡಿಸಿದ್ದೂ ತಿಳಿಯದೆ ಇಳಿದುಹೋಗುತ್ತದೆ.

ಹಾಗಾದರೆ ಮತ್ತೆ ರೊಟ್ಟಿಗೆ ಮರಳೋಣ ಎನ್ನುವ ಗಂಡಸರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಬಡಿಯುವವರು ಯಾರು? ಕುಕ್ಕರ್ ಮೂರು ಸೀಟಿ ಕೂಗಿದರೆ ಮನೆಮಂದಿಗೆಲ್ಲ ಅನ್ನವಾಗುತ್ತದೆ. ರೊಟ್ಟಿಗೆ ಒಬ್ಬಳು ತಾಸುಗಟ್ಟಲೆ ಹೆಂಚಿನ ಕಾವಿಗೆ ಮುಖ ಕೊಡಬೇಕು. ಅನ್ನ ಗೆದ್ದದ್ದು ಅಗ್ಗವೆಂದಷ್ಟೇ ಅಲ್ಲ, ಅದು ಹೆಂಗಸರ ರಟ್ಟೆಗೆ ಬಿಡುವು ಕೊಟ್ಟಿತು. ಮನೆಯಲ್ಲಿ ಎಲ್ಲರ ಕೈ ಹಿಟ್ಟಿಗೆ ಬೀಳಲಿ, ಇಲ್ಲವೇ ಬಡಿದು ಮಾರುವ ಅಕ್ಕಂದಿರ ಹತ್ತಿರ ಖಡಕ್ ರೊಟ್ಟಿ ಕೊಂಡು ತರೋಣ. ಆ ಬದಲಾವಣೆ ಉಳಿಯುತ್ತದೆ.

ದುಡಿಮೆಯೂ ಬದಲಾಗಿದೆ. ಎತ್ತಿನ ಹಿಂದೆ ನಡೆದವನು ಟ್ರ್ಯಾಕ್ಟರಿನ ಮೇಲೆ ಕೂತಿದ್ದಾನೆ. ಓಣಿಯ ಕೊನೆಯ ಅಂಗಡಿಗೂ ಬೈಕು ಬೇಕು. ಎಮ್ಮಿಗನೂರಿನ ಮಗ್ಗದ ಗುಂಡಿಯಲ್ಲಿ ಕೈಕಾಲು ಆಡಿಸುತ್ತಿದ್ದವರ ಮಕ್ಕಳು ಮೊಬೈಲ್ ಅಂಗಡಿಯ ಗಲ್ಲೆಯಲ್ಲಿದ್ದಾರೆ. ಇವುಗಳ ಜೊತೆಗೆ ವಂಶವಾಹಿ, ನಿದ್ರೆಗೇಡು, ಮನಸ್ಸಿನ ಒತ್ತಡ, ಮುಟ್ಟು ನಿಲ್ಲುವ ಕಾಲದ ಏರುಪೇರು, ಕೆಲವರಿಗೆ ಥೈರಾಯ್ಡ್ ಕೊರತೆ, ಮಂಡಿನೋವಿಗೆಂದು ಚೀಟಿಯಿಲ್ಲದೆ ಕೊಂಡು ನುಂಗುವ ಸ್ಟಿರಾಯ್ಡ್ ಮಾತ್ರೆ. ‘ಬಾಯಿ ಕಟ್ಟಲಾರದವನಿಗೆ ಬೊಜ್ಜು’ ಎಂಬ ತೀರ್ಪು ಸುಲಭ, ಆದರೆ ಸರಿಯಲ್ಲ.

ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ

ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. 1.6 ಮೀಟರ್ ಎತ್ತರ, 64 ಕಿಲೋ ತೂಕದವರಿಗೆ ಅದು 25. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಆದರೆ ಭಾರತೀಯ ತಜ್ಞರು 2009ರಲ್ಲಿ ಒಪ್ಪಿದ ಮಿತಿ ಇನ್ನೂ ಕೆಳಗಿದೆ: 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಯಾಕೆ ಕೆಳಗೆ? 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರವೊಂದು ಬಂತು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಒಂದೇ ತೂಕದ ಎರಡು ಮೂಟೆ, ತೇವ ಬೇರೆ! ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳು ಸರಾಸರಿ 2.7 ಕಿಲೋ ಹುಟ್ಟಿದರೆ ಇಂಗ್ಲೆಂಡಿನವು 3.5 ಕಿಲೋ, ನಮ್ಮ ಕೂಸಿನಲ್ಲಿ ಸವೆದದ್ದು ಸ್ನಾಯು, ಉಳಿದುಕೊಂಡದ್ದು ಕೊಬ್ಬು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳನ್ನು ಹಿಡಿದು ನಡೆಸಿದ ಅಧ್ಯಯನದಲ್ಲಿ, ಕಡಿಮೆ ತೂಕದ ಕೂಸುಗಳಾಗಿ ಹುಟ್ಟಿದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಬಸುರಿಯ ತಟ್ಟೆಯ ಕೊರತೆಯನ್ನು ಮಗು ದೊಡ್ಡದಾದ ಮೇಲೂ ತೀರಿಸುತ್ತಿರುತ್ತದೆ. ಹಾಗಾಗಿ ಬೊಜ್ಜಿನ ಮೊದಲ ಚಿಕಿತ್ಸೆ ಎಂದರೆ ಬಸುರಿಗೆ ಮೊಟ್ಟೆ, ಬೇಳೆ, ಹಾಲು, ಸೊಪ್ಪು ಸಿಗುವುದು.

ಒಳಗೆ ನಡೆಯುವುದು

ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳು, ಯಕೃತ್ತಿನ ಸುತ್ತ ಕೂತ ಕೊಬ್ಬು ಅಪಾಯಕಾರಿ. ಅದು ಸುಮ್ಮನೆ ಕೂರುವುದಿಲ್ಲ. ಉರಿಯೂತದ ರಾಸಾಯನಿಕಗಳನ್ನೂ ಕೊಬ್ಬಿನಾಮ್ಲಗಳನ್ನೂ ರಕ್ತಕ್ಕೆ ಬಿಡುತ್ತಿರುತ್ತದೆ. ಇನ್ಸುಲಿನ್ ಮಾತು ಜೀವಕೋಶಗಳಿಗೆ ಕೇಳಿಸದಾಗುತ್ತದೆ. ಮೊದಲು ಯಕೃತ್ತಿಗೆ ಕೊಬ್ಬು, ಆಮೇಲೆ ಶುಗರ್, ಬಿಪಿ, ಹೃದಯ, ಮೂತ್ರಪಿಂಡ. ಹುಡುಗಿಯರಲ್ಲಿ ಮುಟ್ಟು ತಪ್ಪುವ ಪಿಸಿಒಡಿ, ಬಸುರಿಯರಲ್ಲಿ ಸಕ್ಕರೆ ಏರುವುದು. ರಾತ್ರಿ ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದು ಗಾಢ ನಿದ್ರೆಯ ಗುರುತಲ್ಲ, ರೋಗದ್ದು. 13 ಬಗೆಯ ಕ್ಯಾನ್ಸರಿಗೂ ಬೊಜ್ಜಿಗೂ ನಂಟಿದೆ. ಮಂಡಿಯ ವಿಷಯದಲ್ಲಿ ಲೆಕ್ಕ ಸಮಾಧಾನದ್ದು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ.

ಇಳಿಸುವುದು, ಇಳಿದದ್ದನ್ನು ಉಳಿಸುವುದು

ಉಪವಾಸ ಬಿದ್ದು ತಿಂಗಳಲ್ಲಿ ಎಂಟು ಕಿಲೋ ಇಳಿಸಿದವರು ಯುಗಾದಿಯೊಳಗೆ ಹತ್ತು ಕಿಲೋ ಏರಿಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಅದು ಅವರ ಸೋಲಲ್ಲ. ತೂಕ ಇಳಿಯುತ್ತಿದ್ದಂತೆ ಮೈ ಬರ ಬಂತೆಂದು ತಿಳಿಯುತ್ತದೆ: ಹಸಿವಿನ ಹಾರ್ಮೋನು ಏರುತ್ತದೆ, ಖರ್ಚು ಹಿಡಿತಕ್ಕೆ ಬರುತ್ತದೆ. ಅದನ್ನು ಬೆಚ್ಚಿಸದೆ ಇಳಿಸಬೇಕು.

ಗುರಿ ಚಿಕ್ಕದಿರಲಿ. 80 ಕಿಲೋದವರು ಆರು ತಿಂಗಳಲ್ಲಿ 4ರಿಂದ 8 ಕಿಲೋ ಇಳಿಸಿ, ಅಲ್ಲೇ ನಿಂತರೆ ಶುಗರ್, ಬಿಪಿ, ಯಕೃತ್ತು ಎಲ್ಲಕ್ಕೂ ಲಾಭ. ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ (2002) ಶೇ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಹಿಡಿದವರಲ್ಲಿ ಮಧುಮೇಹದ ಸಂಭವ ಶೇ 58ರಷ್ಟು ತಗ್ಗಿತು. ಚೆನ್ನೈ ಪ್ರಯೋಗದಲ್ಲಿ (2006) ಜೀವನಕ್ರಮದ ಬದಲಾವಣೆ ಒಂದರಿಂದಲೇ ಶೇ 28.5ರಷ್ಟು.

ಆಸ್ಪತ್ರೆಯಿಂದ ಕೈಗೆ ಬರುವ ಅಚ್ಚಿನ ಡಯಟ್ ಚಾರ್ಟಿಗೆ ಪುಂಡಿಪಲ್ಯ ಗೊತ್ತಿರುವುದಿಲ್ಲ; ಅದರಲ್ಲಿ ಓಟ್ಸ್ ಇರುತ್ತದೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ರೋಗಿಗಳು ಮಾತ್ರ ಇಂದಿಗೂ ಕರ್ನೂಲಿಗೂ ಹೋಗುತ್ತಾರೆ, ಬಳ್ಳಾರಿಗೂ ಹೋಗುತ್ತಾರೆ. ಚೀಟಿ ಎಲ್ಲಿಯದೇ ಇರಲಿ, ತಟ್ಟೆ ಮನೆಯದು. ಅದನ್ನೇ ಹೀಗೆ ಹಂಚಿ: ಅರ್ಧ ಪಲ್ಯ, ಸೊಪ್ಪು, ಸೌತೆ, ಮೂಲಂಗಿ; ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು; ಉಳಿದ ಕಾಲಿಗೆ ಒಂದು ರೊಟ್ಟಿ ಇಲ್ಲವೇ ಒಂದು ಹಿಡಿ ಅನ್ನ. ಶೇಂಗಾ ಚಟ್ನಿ ಚಮಚದಲ್ಲಿರಲಿ, ಬಟ್ಟಲಲ್ಲಿ ಬೇಡ. ಎಣ್ಣೆ ಒಬ್ಬರಿಗೆ ದಿನಕ್ಕೆ ನಾಲ್ಕು ಚಿಕ್ಕ ಚಮಚ. ಮಿರ್ಚಿ ಸಂತೆಯ ದಿನಕ್ಕೆ ಸಾಕು. ಒಗ್ಗರಣೆಗೆ ಮೊಳಕೆ ಹೆಸರುಕಾಳು ಸೇರಲಿ.

ನಡಿಗೆಗೆ ಆದೋನಿಯಲ್ಲಿ ಕೋಟೆ ಬೆಟ್ಟವಿದೆ, ಆದರೆ ಬೇಸಿಗೆಯ ಬಿಸಿಲಿದೆ. ಸೂರ್ಯ ಏರುವ ಮುಂಚೆಯೇ ಮುಗಿಸಬೇಕು. ಹೆಂಗಸರಿಗೆ ಬಿಸಿಲಿಗಿಂತ ಓಣಿಯ ಕಣ್ಣು ಹೆಚ್ಚು. ನಾಲ್ವರು ಜೊತೆಯಾದರೆ ಶಾಲೆಯ ಮೈದಾನವೇ ಸಾಕು. ವಾರಕ್ಕೆರಡು ದಿನ ಬಿಂದಿಗೆ ಎತ್ತುವಂಥ, ಕೂತು ಏಳುವಂಥ ಬಲದ ವ್ಯಾಯಾಮ ಬೇಕು. ಹುಟ್ಟಿನಿಂದ ಸ್ನಾಯು ಕಡಿಮೆ ಇರುವ ನಮಗೆ ಅದು ಹೆಚ್ಚುವರಿಯಲ್ಲ, ಅಗತ್ಯ.

ಸೂಜಿ, ಶಸ್ತ್ರಚಿಕಿತ್ಸೆ, ಡಬ್ಬಿ

ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ಹಸಿವನ್ನೇ ತಗ್ಗಿಸುತ್ತವೆ. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂತು. ಪರಿಣಾಮ ನಿಜ. ವಾಕರಿಕೆಯೂ ನಿಜ, ನಿಲ್ಲಿಸಿದರೆ ತೂಕ ಮರಳುವುದೂ ನಿಜ. ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಬೊಜ್ಜು ತೀವ್ರವಾಗಿದ್ದು ಶುಗರ್ ಕೂಡ ಇದ್ದವರಿಗೆ ಜಠರ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಆಡಂಬರವಲ್ಲ, ಚಿಕಿತ್ಸೆ. ಹೆಸರಿಲ್ಲದ ಪುಡಿಯ ಡಬ್ಬಿ, ‘ಹೊಟ್ಟೆ ಕರಗಿಸುವ’ ಕಷಾಯಗಳಿಗೆ ಸುರಿಯುವ ದುಡ್ಡಲ್ಲಿ ಮನೆಮಂದಿಗೆಲ್ಲ ತಿಂಗಳ ಬೇಳೆ, ಸೊಪ್ಪು ಬರುತ್ತದೆ.

ವಯಸ್ಸು 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಗೊರಕೆ, ಕುತ್ತಿಗೆಯ ಸುತ್ತ ಕಪ್ಪು ಮಡಿಕೆ, ತಪ್ಪುವ ಮುಟ್ಟು ಕಂಡರೆ ವಯಸ್ಸಿಗೆ ಕಾಯಬೇಡಿ.

ಒಂದು ದಾರದ ಪರೀಕ್ಷೆ

ಕಾಟಾ ಬೇಡ, ಕ್ಯಾಲ್ಕುಲೇಟರ್ ಬೇಡ. ನೆತ್ತಿಯಿಂದ ಹಿಮ್ಮಡಿವರೆಗೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ಹೊಕ್ಕಳಿಗಿಂತ ತುಸು ಮೇಲೆ ಸುತ್ತಿ. ಎರಡು ತುದಿ ಆರಾಮವಾಗಿ ಕೂಡಿದರೆ ಒಳ್ಳೆಯದು. ಕೂಡದಿದ್ದರೆ ನಡುವೆ ಉಳಿದ ಜಾಗವೇ ನಿಮ್ಮ ಕೆಲಸ. ಉಪವಾಸವಿಲ್ಲದೆ, ಬೈಗುಳವಿಲ್ಲದೆ, ತಿಂಗಳಿಗೆ ಅರ್ಧ ಬೆರಳಿನಷ್ಟು ಅದು ಕಿರಿದಾದರೂ ಸಾಕು.

ಕೂಸಿನ ಸೊಂಟಕ್ಕೆ ಉಡುದಾರ ಕಟ್ಟುವಾಗ ಅಜ್ಜಿಯರು ಮೈ ಬರಲೆಂದು ಎರಡು ಬೆರಳು ಸಡಿಲ ಬಿಟ್ಟು ಗಂಟು ಹಾಕುತ್ತಾರೆ. ಆ ಸಡಿಲ ಕೂಸಿನದು. ನಲವತ್ತು ದಾಟಿದವರಿಗೆ ಅದೇ ಗಂಟು ಆಚೆ ಸರಿಸುವ ಮುಂಚೆ ಒಂದು ಸಲ ಬೆರಳಿಟ್ಟು ನೋಡಿ.