ಕಣತಲೆಯನ್ನು ಕಾಯಿರಿ
ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳ ಕೈಗೆ ನಾನು ತಲೆಬುರುಡೆ ಕೊಟ್ಟಾಗ ಹೆಚ್ಚಿನವರಿಗೆ ಅದು ಒಂದೇ ಮೂಳೆಯಂತೆ ಕಾಣುತ್ತದೆ. ಆದರೆ ಮಿದುಳನ್ನು ಸುತ್ತುವರಿದ ಭಾಗದಲ್ಲೇ 8 ಮೂಳೆಗಳಿವೆ: ಹಣೆಗೆ ಒಂದು, ನೆತ್ತಿಯ ಎಡಬಲಕ್ಕೆ ಎರಡು, ಕಿವಿಗಳ ಸುತ್ತ ಎರಡು, ಹಿಂದಲೆಗೆ ಒಂದು. ಬುಡದಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಸ್ಫೀನಾಯ್ಡ್. ಮೂಗಿನ ಮೇಲೆ, ವಾಸನೆಯ ನರಗಳು ಹಾಯುವ ಸಣ್ಣ ತೂತುಗಳ ಎಥ್ಮಾಯ್ಡ್.

ಹಸುಗೂಸಿನಲ್ಲಿ ಇವು ಇನ್ನೂ ಬೆಸೆದಿರುವುದಿಲ್ಲ. ಹೆರಿಗೆಯ ವೇಳೆ ಒಂದರ ಮೇಲೊಂದು ಜರುಗಿ ತಲೆಗೆ ದಾರಿ ಮಾಡಿಕೊಡುತ್ತವೆ. ನೆತ್ತಿಯ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಪಾಠದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಕಣತಲೆಯ ಬಳಿ. ಅಲ್ಲಿ ನಾಲ್ಕು ಮೂಳೆಗಳು ಸೇರುವ ಜಾಗವೇ ಟೀರಿಯಾನ್. ಮೂಳೆ ಅಲ್ಲಿ ಬಹಳ ತೆಳು. ಅದರ ಒಳಬದಿಗೆ ಅಂಟಿಕೊಂಡೇ ಮಿದುಳಿನ ಹೊದಿಕೆಗೆ ರಕ್ತ ಒಯ್ಯುವ ಧಮನಿ ಸಾಗುತ್ತದೆ. ಒಣಗಿದ ಬುರುಡೆಯಲ್ಲೂ ಅದರ ಜಾಡನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಪೆಟ್ಟಿಗೆ ಮೂಳೆ ಬಿರಿದು ಧಮನಿ ಹರಿದರೆ ರಕ್ತ ಕಟ್ಟಿ ಮಿದುಳನ್ನು ಒತ್ತುತ್ತದೆ. ಬಿದ್ದವರು ಎದ್ದು ಕೂತು ಸರಿಯಾಗಿಯೇ ಮಾತಾಡಿ, ಕೆಲವು ಗಂಟೆಗಳ ಬಳಿಕ ಪ್ರಜ್ಞೆ ತಪ್ಪಬಹುದು.

ಹಾಗಾಗಿ ಕಣತಲೆ ಮುಚ್ಚದ ಅರ್ಧ ಹೆಲ್ಮೆಟ್ ಬೇಡವೇ ಬೇಡ. ತಲೆಗೆ ಜೋರು ಪೆಟ್ಟು ಬಿದ್ದವರು "ನನಗೇನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ.