ಶುಲ್ಕ ತಂದೆಯದು, ಆಯುಸ್ಸು ಮಕ್ಕಳದು

ಮನೆಯವರೇ ಹಣ ಕೊಡುವಾಗ ಕಾನೂನು ಓದಬೇಕೆ, ಬೇಡವೆ?

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ನೀನು ಲಾ ಓದು. ಖರ್ಚಿನ ಯೋಚನೆ ನಿನಗೆ ಬೇಡ, ನಾನಿದ್ದೇನೆ.” ಈ ಮಾತನ್ನು ಆಡುವವರು ಸಾಮಾನ್ಯವಾಗಿ ತಂದೆ; ಕೆಲವು ಮನೆಗಳಲ್ಲಿ ತಾಯಿ. ಹದಿನೆಂಟರ ಹರೆಯದಲ್ಲಿ ಕಿವಿಗೆ ಇದಕ್ಕಿಂತ ಹಿತವಾದ ಮಾತು ಬೀಳಲಾರದು. ಸಾಲ ಮಾಡಬೇಕಾಗಿಲ್ಲ, ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಹಾಗಿದ್ದ ಮೇಲೆ ಇನ್ನು ಯೋಚಿಸುವುದೇನು ಎಂದು ಯಾರಿಗಾದರೂ ಅನ್ನಿಸೀತು.

ಯೋಚಿಸಬೇಕಾದ ಕಾರಣ ಅಲ್ಲಿಯೇ ಇದೆ. ಹಣವಿಲ್ಲದ ಮನೆಯಲ್ಲಿ ‘ಈ ಓದು ಇಷ್ಟು ಬೆಲೆ ಬಾಳುವುದೇ?’ ಎಂಬ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಹಾಕುವ ಹುಡುಗ ಒಂದು ರಾತ್ರಿಯಾದರೂ ನಿದ್ದೆಗೆಟ್ಟು ಲೆಕ್ಕ ಹಾಕಿರುತ್ತಾನೆ. ಹಣವುಳ್ಳ ಮನೆಯಲ್ಲಿ ಆ ಲೆಕ್ಕ ನಡೆಯುವುದೇ ಇಲ್ಲ. ತಂದೆಯ ಔದಾರ್ಯವು ಒಂದು ಕಷ್ಟವನ್ನು ನಿವಾರಿಸುವುದು ನಿಜ; ಅದರ ಜೊತೆಗೆ ಒಂದು ವಿವೇಚನೆಯನ್ನೂ ಮನೆಯಿಂದ ಹೊರಗೆ ಕಳಿಸಿಬಿಡುತ್ತದೆ.

ಮೂವರ ಕಥೆ

ಮನೆಯ ಹಣದಿಂದ ಕಾನೂನು ಓದಿದವರಲ್ಲಿ ನಮಗೆಲ್ಲ ಪರಿಚಿತರಾದವರು ಮಹಾತ್ಮ ಗಾಂಧಿಯವರು. ಅವರ ತಂದೆ 1885ರಲ್ಲಿಯೇ ತೀರಿಕೊಂಡಿದ್ದರು. ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರಾಗಿ ಬಂದರೆ ತಂದೆಯ ದಿವಾನಗಿರಿ ಸುಲಭವಾಗಿ ದೊರೆಯುವುದೆಂದು ಕುಟುಂಬದ ಹಿತೈಷಿಯೊಬ್ಬರು ಸಲಹೆ ಕೊಟ್ಟರು. ಅಣ್ಣ ಲಕ್ಷ್ಮೀದಾಸರು ಹಣದ ಹೊಣೆ ಹೊತ್ತರು. 1888ರಲ್ಲಿ ಹಡಗು ಹತ್ತಿದ ತರುಣ 1891ರ ಜೂನ್ ತಿಂಗಳಲ್ಲಿ ಬ್ಯಾರಿಸ್ಟರಾಗಿ ಹೊರಟು ಬಂದರು. ಅಣ್ಣನಾದರೋ ತಮ್ಮನ ಸಂಪಾದನೆಯನ್ನು ನೆಚ್ಚಿ ಮನೆಯ ಖರ್ಚನ್ನು ಮೊದಲೇ ಏರಿಸಿಬಿಟ್ಟಿದ್ದರು. ಆದರೆ ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ, ಮೂವತ್ತು ರೂಪಾಯಿ ಫೀಜಿನ ಮೊದಲನೆಯ ಮೊಕದ್ದಮೆಯಲ್ಲಿ, ಪಾಟೀಸವಾಲಿಗೆ ಎದ್ದು ನಿಂತ ಹೊಸ ಬ್ಯಾರಿಸ್ಟರಿಗೆ ತಲೆ ತಿರುಗಿತು. ಒಂದು ಪ್ರಶ್ನೆಯೂ ಹೊರಡಲಿಲ್ಲ. ಫೀಜನ್ನು ಹಿಂದಿರುಗಿಸಿ ಹೊರಬಂದರು. ಆಮೇಲೆ ರಾಜಕೋಟೆಯಲ್ಲಿ ಅರ್ಜಿಗಳನ್ನು ಬರೆದುಕೊಟ್ಟು ಜೀವನ ಸಾಗಿಸಿ, 1893ರಲ್ಲಿ 105 ಪೌಂಡುಗಳ ಒಪ್ಪಂದದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋದರು. ವಕೀಲಿಯ ನಿಜವಾದ ಪಾಠ ಅವರಿಗೆ ದೊರೆತದ್ದು ಅಲ್ಲಿ, ವ್ಯಾಪಾರಿಗಳ ಲೆಕ್ಕದ ಪುಸ್ತಕಗಳ ನಡುವೆ.

ಎರಡನೆಯವರು ಜವಾಹರಲಾಲ್ ನೆಹರೂ. ತಂದೆ ಮೋತಿಲಾಲರು ಅಲಹಾಬಾದಿನ ಹೆಸರಾಂತ ವಕೀಲರು. ಹಣಕ್ಕೆ ಕೊರತೆಯಿಲ್ಲ, ಕಕ್ಷಿದಾರರಿಗೂ ಕೊರತೆಯಿಲ್ಲ. ಮಗ ಕೇಂಬ್ರಿಜ್ಜಿನಲ್ಲಿ ವಿಜ್ಞಾನ ಓದಿ, ಬಳಿಕ ಲಂಡನ್ನಿನಲ್ಲಿ ಕಾನೂನು ಮುಗಿಸಿ, 1912ರಲ್ಲಿ ಬ್ಯಾರಿಸ್ಟರಾಗಿ ಮರಳಿದರು. ತಂದೆಯ ಕೋರ್ಟಿನಲ್ಲಿಯೇ ವೃತ್ತಿಗಿಳಿದರೂ ಅದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಸಿದ್ಧವಾದ ಗದ್ದುಗೆಯೂ ಮನಸ್ಸನ್ನು ಕಟ್ಟಿಹಾಕಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂರನೆಯವರಿಗೆ ಇಂಥ ಭಾಗ್ಯವಿರಲಿಲ್ಲ. ಡಾ. ಬಿ. ಆರ್. ಅಂಬೇಡ್ಕರರು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದುದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬರಬೇಕಾಯಿತು. ಮುಂಬಯಿಯಲ್ಲಿ ಅಧ್ಯಾಪಕರಾಗಿ ದುಡಿದು, ಹಣ ಕೂಡಿಸಿ, 1920ರಲ್ಲಿ ಮತ್ತೆ ಹೋಗಿ ಓದನ್ನು ಪೂರೈಸಿದರು. ತಮಗೆ ಬೇಕಾದುದೇನೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎರಡನೆಯ ಸಲ ಹಡಗು ಹತ್ತಿದರು. ಮನೆಯಲ್ಲಿ ಹಣವುಳ್ಳ ಹುಡುಗ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ‘ಮಧ್ಯದಲ್ಲಿ ಹಣ ನಿಂತುಹೋದರೆ, ದುಡಿದು ಕೂಡಿಸಿಕೊಂಡು ಈ ಓದಿಗೇ ಮರಳಿ ಬಂದೇನೆ?’

ಕೊಳ್ಳುವುದು ಏನನ್ನು?

ಕಾನೂನು ಪದವಿಗೆ ಇಂದು ಎರಡು ದಾರಿಗಳಿವೆ. ಪಿ.ಯು.ಸಿ. ಮುಗಿದೊಡನೆ ಐದು ವರ್ಷಗಳ ಸಂಯುಕ್ತ ಪದವಿ ಒಂದು. ಬೇರೊಂದು ಪದವಿಯ ನಂತರ ಮೂರು ವರ್ಷಗಳ ಎಲ್‌ಎಲ್.ಬಿ. ಇನ್ನೊಂದು. ಐದು ವರ್ಷಗಳ ಓದಿಗೆ ದೇಶದಲ್ಲಿ ಹೊಸ ಪ್ರತಿಷ್ಠೆ ಬಂದುದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಿಂದ. ಎನ್. ಆರ್. ಮಾಧವ ಮೆನನ್ನರು ಅದರ ಮೊದಲ ನಿರ್ದೇಶಕರಾಗಿದ್ದು, 1988ರಲ್ಲಿ ಅಲ್ಲಿ ತರಗತಿಗಳು ಆರಂಭವಾದವು. ಅದೇ ಮಾದರಿಯಲ್ಲಿ ಇತರ ರಾಜ್ಯಗಳಲ್ಲಿಯೂ ವಿಶ್ವವಿದ್ಯಾಲಯಗಳು ತಲೆಯೆತ್ತಿವೆ. ಅವುಗಳಲ್ಲಿ ವರ್ಷದ ವೆಚ್ಚ ಲಕ್ಷಗಳ ಲೆಕ್ಕದಲ್ಲಿದೆ. ಬೆಳಗಾವಿಯಲ್ಲಿ 1939ರಲ್ಲಿ ಸ್ಥಾಪನೆಯಾದ ರಾಜಾ ಲಖಮಗೌಡ ಕಾನೂನು ಕಾಲೇಜಿನಂಥ ಹಳೆಯ ಸಂಸ್ಥೆಗಳೂ ನಮ್ಮಲ್ಲಿವೆ. ಹುಬ್ಬಳ್ಳಿಯಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ. ಸರಕಾರಿ ಕಾಲೇಜುಗಳಲ್ಲಿ ಖರ್ಚು ಬಹಳ ಕಡಮೆ.

ಎಲ್ಲಿಯೇ ಓದಿದರೂ ಕೊನೆಗೆ ದೊರೆಯುವ ಸನ್ನದು ಒಂದೇ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ತೀರ್ಪಿತ್ತಿದೆ. ಬಾಗಿಲು ದಾಟಲು ಕೊಡಬೇಕಾದ ಹಣ ಇಷ್ಟೆ. ಒಳಗೆ ಹೋಗಿ ನೆಲೆಯೂರುವುದಕ್ಕೆ ಕೊಡಬೇಕಾದ ಬೆಲೆ ಬೇರೆ.

ಖರ್ಚು ಶುರುವಾಗುವುದು ಆಮೇಲೆ

ತಂದೆತಾಯಿಗಳ ಲೆಕ್ಕ ತಪ್ಪುವುದು ಇಲ್ಲಿ. ‘ಐದು ವರ್ಷ ಓದಿಸಿದರೆ ಆಯಿತು, ಆಮೇಲೆ ಮಗ ಸಂಪಾದಿಸುತ್ತಾನೆ’ ಎಂದು ಅವರು ಎಣಿಸುತ್ತಾರೆ. ನ್ಯಾಯಾಲಯದಲ್ಲಿ ವೃತ್ತಿ ಮಾಡುವವನ ಪಾಲಿಗೆ ಐದು ವರ್ಷ ಪೀಠಿಕೆ ಮಾತ್ರ. ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯನಾಗಿ ಸೇರಿ, ಕಡತ ಹೊರುವುದು, ತಾರೀಖು ಬರೆದುಕೊಳ್ಳುವುದು, ದಾವೆ ಬರೆಯುವುದನ್ನು ಕಲಿಯುವುದು, ಗುಮಾಸ್ತರಿಂದ ಕಚೇರಿಯ ಮರ್ಮ ತಿಳಿಯುವುದು, ಇವೆಲ್ಲ ಆಮೇಲಿನ ಶಿಕ್ಷಣ. ಈ ಅವಧಿಯಲ್ಲಿ ಕೈಗೆ ಬರುವುದು ಬಹಳ ಸಲ ಬಸ್ಸಿನ ಖರ್ಚಿಗೂ ಊಟದ ಖರ್ಚಿಗೂ ಸರಿಹೋಗುತ್ತದೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತು. ಅದು ಶಿಫಾರಸು, ಕಟ್ಟುಪಾಡಲ್ಲ.

ಇನ್ನೆರಡು ನಿಯಮಗಳನ್ನೂ ತಿಳಿದಿರಬೇಕು. ವಕೀಲಿ ನಡೆಸುವವನು ಪೂರ್ಣಾವಧಿಯ ಸಂಬಳದ ನೌಕರಿಯನ್ನು ಜೊತೆಯಲ್ಲಿ ಮಾಡುವಂತಿಲ್ಲ. ತನ್ನ ವೃತ್ತಿಯನ್ನು ಜಾಹೀರಾತಿನಿಂದ ಬೆಳೆಸುವಂತೆಯೂ ಇಲ್ಲ. ಆದುದರಿಂದ ಕಕ್ಷಿದಾರರು ಬರುವುದು ಬಾಯಿಂದ ಬಾಯಿಗೆ ಹರಡಿದ ಹೆಸರಿನಿಂದ. ಹೆಸರು ಬರುವುದು ನಿಧಾನವಾಗಿ. ನ್ಯಾಯಾಧೀಶನಾಗುವೆನೆಂದರೂ ಕಾಯಬೇಕು: ಕೆಳಹಂತದ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ 20ರಂದು ತೀರ್ಪಿತ್ತಿತು.

ಹದಿನೆಂಟಕ್ಕೆ ಕಾಲೇಜು ಸೇರಿದವನಿಗೆ ಪದವಿ ದೊರೆಯುವಾಗ ಇಪ್ಪತ್ತಮೂರು. ಕಿರಿತನದ ಮೂರು ವರ್ಷ ಕಳೆಯುವಾಗ ಇಪ್ಪತ್ತಾರು. ಮನೆಯವರು ಕೊಡಬೇಕಾದ ಆಸರೆಯ ಅವಧಿ ಎಂಟು ವರ್ಷ. ಕೈಯಲ್ಲಿದ್ದುದೆಲ್ಲವನ್ನೂ ದುಬಾರಿ ಕಾಲೇಜಿನ ಶುಲ್ಕಕ್ಕೆ ಸುರಿದು, ಕಿರಿತನದ ವರ್ಷಗಳಿಗೆ ಏನೂ ಉಳಿಸದಿದ್ದರೆ, ನೀರು ಕಾಣುವ ಮುನ್ನ ಬಾವಿ ತೋಡುವುದನ್ನು ನಿಲ್ಲಿಸಿದಂತೆ. ಕಡಮೆ ಶುಲ್ಕದ ಒಳ್ಳೆಯ ಕಾಲೇಜಿನಲ್ಲಿ ಓದಿಸಿ, ಉಳಿದ ಹಣವನ್ನು ಆ ಮೂರು ವರ್ಷಗಳಿಗೆ ಮೀಸಲಿಡುವುದು ಎಷ್ಟೋ ಮನೆಗಳಿಗೆ ಹೆಚ್ಚು ಜಾಣತನದ ದಾರಿ. ದೊಡ್ಡ ಕಂಪನಿಗಳ ಕಾನೂನು ಕೆಲಸವನ್ನೇ ಗುರಿಯಾಗಿಟ್ಟುಕೊಂಡವನ ಮಾತು ಬೇರೆ. ಹೆಸರಾಂತ ಸಂಸ್ಥೆಗಳಿಗೆ ಅಂಥ ಕಂಪನಿಗಳೇ ಹುಡುಕಿಕೊಂಡು ಬರುತ್ತವೆ. ಗುರಿ ಯಾವುದೆಂದು ಗೊತ್ತಾಗದೆ ಕಾಲೇಜನ್ನು ಆರಿಸಲಾಗದು.

ಕೊಡುವವರ ಮನಸ್ಸು

ತಂದೆ ಹಣ ಕೊಡುವಾಗ ಅದರ ಹಿಂದೆ ಒಂದು ಆಸೆ ಇದ್ದೇ ಇರುತ್ತದೆ, ಇರುವುದು ತಪ್ಪಲ್ಲ. ಕೆಲವರಿಗೆ ವಂಶದಲ್ಲೊಬ್ಬ ವಕೀಲನಿರಲಿ ಎಂಬ ಗೌರವದ ಆಸೆ. ಕೆಲವರು ಜಮೀನಿನ ತಕರಾರಿನಲ್ಲಿ ಕೋರ್ಟು ಅಲೆದು ಬೆಂದವರು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಸ್ವಂತ ಅನುಭವದಿಂದ ಅರಿತವರು. ಮಗನಾದರೂ ಆ ಕರಿ ಕೋಟನ್ನು ತೊಡಲಿ, ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಲಿ ಎಂಬುದು ಅವರ ಹಂಬಲ. ಮತ್ತೆ ಕೆಲವರಿಗೆ, ಹುಡುಗ ಬೇರೇನೂ ಮಾಡದೆ ಕುಳಿತಿದ್ದಾನಲ್ಲ, ಇದನ್ನಾದರೂ ಓದಲಿ ಎಂಬ ಕಳವಳ. ಇವುಗಳಲ್ಲಿ ಯಾವುದು ತಮ್ಮ ಮನೆಯದೆಂದು ಮಕ್ಕಳು ಮೊದಲೇ ಕೇಳಿ ತಿಳಿಯುವುದು ಲೇಸು. ಗಾಂಧಿಯವರ ಅಣ್ಣ ಮನೆಯ ಖರ್ಚನ್ನು ಏರಿಸಿದಂತೆ, ನಮ್ಮ ಮನೆಗಳಲ್ಲಿ ನಿರೀಕ್ಷೆಯೂ ಸದ್ದಿಲ್ಲದೆ ಏರುತ್ತಿರುತ್ತದೆ. ಬಡ್ಡಿಯಿಲ್ಲದ ಹಣವೆಂದು ಪಡೆದದ್ದಕ್ಕೆ ಹತ್ತು ವರ್ಷಗಳ ಮೇಲೆ “ನಿನಗಾಗಿ ಏನೆಲ್ಲ ಮಾಡಿದೆವು!” ಎಂಬ ಒಂದು ಮಾತಿನಲ್ಲಿ ಬಡ್ಡಿ ಸಲ್ಲುತ್ತದೆ.

ಪಡೆಯುವವರ ಮನಸ್ಸನ್ನೂ ನೋಡಬೇಕು. ಏನು ಮಾಡಬೇಕೆಂದು ತೋಚದವನಿಗೆ ಕಾನೂನು ಕಾಲೇಜು ಮೂರೋ ಐದೋ ವರ್ಷಗಳ ಗೌರವಯುತ ವಾಯಿದೆ. ಕೋರ್ಟಿನಲ್ಲಿ ವಾಯಿದೆ ಕೇಳಿದಂತೆ ಇಲ್ಲಿಯೂ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಮೊಕದ್ದಮೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಶುಲ್ಕವನ್ನು ತಂದೆ ಮತ್ತೊಮ್ಮೆ ಸಂಪಾದಿಸಿಯಾರು. ಇಪ್ಪತ್ತರಿಂದ ಇಪ್ಪತ್ತಾರರವರೆಗಿನ ವಯಸ್ಸನ್ನು ಯಾರೂ ಮರಳಿ ತಂದುಕೊಡಲಾರರು.

ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಕಾರ್ನೀಲಿಯಾ ಸೊರಾಬ್ಜಿಯವರು ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತದ್ದು 1892ರಲ್ಲಿ. ಭಾರತದಲ್ಲಿ ಸ್ತ್ರೀಯರು ವಕೀಲಿ ಮಾಡಬಹುದೆಂಬ ಶಾಸನ ಬಂದದ್ದು 1923ರಲ್ಲಿ. ಇಂದು ಆ ಅಡ್ಡಿಯಿಲ್ಲ. ಹಾಸನದಲ್ಲಿ ವಕೀಲಿ ಮಾಡಿದ ಬಾನು ಮುಷ್ತಾಕ್ ಅವರು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದುಕೊಟ್ಟುದನ್ನು ಎಲ್ಲರೂ ಬಲ್ಲರು. ಆದರೆ ಮಗಳ ಶುಲ್ಕವನ್ನು ಸಂತೋಷದಿಂದ ಕಟ್ಟುವ ಮನೆಯೇ ಪದವಿ ಬಂದ ಮರುದಿನ ಮದುವೆಯ ಮಾತೆತ್ತುವುದುಂಟು. “ಕಿರಿಯ ವಕೀಲಳಾಗಿ ಮೂರು ವರ್ಷ ಕಷ್ಟಪಡುವಾಗಲೂ ನೀವು ನನ್ನ ಹಿಂದೆ ಇರುತ್ತೀರಾ, ಅಪ್ಪಾ?” ಎಂಬುದನ್ನು ಅರ್ಜಿ ತುಂಬುವ ಮೊದಲೇ ಕೇಳಿಬಿಡಬೇಕು.

ಪರೀಕ್ಷಿಸಿ ನೋಡಬಹುದು

ಇದಕ್ಕೆ ಜ್ಯೋತಿಷ್ಯ ಬೇಕಾಗಿಲ್ಲ. ನಮ್ಮ ನ್ಯಾಯಾಲಯಗಳ ಬಾಗಿಲು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಹತ್ತು ದಿನ ನಿಮ್ಮ ಊರಿನ ಕೋರ್ಟಿನ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡಿ. ಚಲನಚಿತ್ರದ ಆರ್ಭಟದ ವಾದ ಅಲ್ಲಿಲ್ಲ. ಕೂಗು, ಕಾಯುವುದು, ಮುಂದಿನ ತಾರೀಖು, ಇವೇ ಹೆಚ್ಚು. ದೇಶದಲ್ಲಿ ಬಾಕಿ ಉಳಿದ ಮೊಕದ್ದಮೆಗಳು 2024ರ ವೇಳೆಗೆ ಐದು ಕೋಟಿ ದಾಟಿದ್ದವು ಎಂಬುದರ ಅರ್ಥ ಅಲ್ಲಿ ಕುಳಿತಾಗ ತಿಳಿಯುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಕಲಾಪವನ್ನು ಯೂಟ್ಯೂಬಿನಲ್ಲಿ ಮನೆಯಿಂದಲೇ ನೋಡಬಹುದು. ಒಂದು ತೀರ್ಪನ್ನು ಮೊದಲಿಂದ ಕೊನೆಯವರೆಗೆ ಓದಿ. ಪರಿಚಿತ ವಕೀಲರೊಬ್ಬರ ಕಚೇರಿಯಲ್ಲಿ ಒಂದು ಬೇಸಗೆಯನ್ನು ಕಳೆಯಿರಿ. ಭಾರತೀಯ ನ್ಯಾಯ ಸಂಹಿತೆಯೂ ಅದರ ಜೊತೆಯ ಎರಡು ಶಾಸನಗಳೂ 2024ರ ಜುಲೈ 1ರಿಂದ ಜಾರಿಗೆ ಬಂದಾಗ, ಮೂವತ್ತು ವರ್ಷ ನುರಿತವರೂ ಮತ್ತೆ ಪುಸ್ತಕ ಹಿಡಿದು ಕುಳಿತರು. ಅಂಥ ಬಾಳು ಹಿಡಿಸೀತೆ ಎಂದು ಅವರ ಮೇಜಿನ ಬಳಿ ನಿಂತು ನೋಡಿ.

ಇಷ್ಟಾದ ಮೇಲೂ ಕುತೂಹಲ ಉಳಿದಿದ್ದರೆ, ಯಾರದೋ ಜಮೀನಿನ ಗಡಿಗಾಗಿ ಒಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಳ್ಳುವುದು ಬೇಸರವೆನಿಸದಿದ್ದರೆ, ತಂದೆಯ ಹಣವನ್ನು ಸಂಕೋಚವಿಲ್ಲದೆ ಸ್ವೀಕರಿಸಿ. ಎಷ್ಟು, ಎಷ್ಟು ವರ್ಷ, ಆಮೇಲೇನು ಎಂಬುದನ್ನು ಒಂದು ಸಂಜೆ ಎಲ್ಲರೂ ಕುಳಿತು ಕಾಗದದ ಮೇಲೆ ಬರೆದುಕೊಳ್ಳಿ. ಮನಸ್ಸು ಒಪ್ಪದಿದ್ದರೆ ಶುಲ್ಕ ಕಟ್ಟುವ ಮೊದಲೇ ಹೇಳಿಬಿಡಿ. ಒಂದು ದಿನದ ಬೇಸರ ಐದು ವರ್ಷದ ಬೇಸರಕ್ಕಿಂತ ಅಗ್ಗ. ನಿಶ್ಚಯವಾಗದಿದ್ದರೆ ಬೇರೊಂದು ಪದವಿ ಓದಿ. ಮೂರು ವರ್ಷಗಳ ಎಲ್‌ಎಲ್.ಬಿ.ಯ ದಾರಿ ಆಗಲೂ ಇರುತ್ತದೆ.

ತಾಯಿತಂದೆಯರಲ್ಲಿಯೂ ಒಂದು ಬಿನ್ನಹ. “ಲಾ ಓದು, ಹಣ ಕೊಡುತ್ತೇನೆ” ಎನ್ನುವ ಬದಲು “ನಿನ್ನ ಓದಿಗೆ ಇಷ್ಟು ಹಣವಿದೆ, ಏನು ಓದುವೆ, ಯಾಕೆ ಓದುವೆ, ಯೋಚಿಸಿ ಹೇಳು” ಎಂದು ನೋಡಿ. ಹಣ ಅಷ್ಟೇ ಖರ್ಚಾಗುತ್ತದೆ. ಉತ್ತರ ಹೇಳುವ ಹೊಣೆ ಮಾತ್ರ ಮಕ್ಕಳ ಹೆಗಲಿಗೆ ಬರುತ್ತದೆ. ಆ ಹೊಣೆ ಹೊತ್ತವರೇ ಮುಂದೆ ಇನ್ನೊಬ್ಬರ ವಕಾಲತ್ತನ್ನೂ ಹೊರಬಲ್ಲರು.