ನಂದಿಬೆಟ್ಟದ ತಪ್ಪಲಲ್ಲಿ ಎರಡು ದ್ರಾಕ್ಷಿಗಳ ಕಥೆ

ಸೂರ್ಯೋದಯ ನೋಡಲೆಂದು ನಂದಿಬೆಟ್ಟಕ್ಕೆ ಹೊರಡುವ ಬೆಂಗಳೂರಿಗರು ಬೆಟ್ಟದ ಬುಡವನ್ನು ಕತ್ತಲಲ್ಲೇ ದಾಟಿಬಿಡುತ್ತಾರೆ. ಮರಳುವಾಗ ನಿದ್ದೆ, ಹಸಿವು, ವಾಹನಗಳ ಸಾಲು. ಹೀಗಾಗಿ ತಪ್ಪಲಿನ ದ್ರಾಕ್ಷಿ ತೋಟಗಳು ಅವರ ಕಣ್ಣಿಗೆ ಬೀಳುವುದು ಅಪರೂಪ. ಭಾರತದ ವೈನ್ ಭೂಪಟದಲ್ಲಿ ನಾಸಿಕದ ಜೊತೆಗೆ ಕೇಳಿಬರುವ ಹೆಸರು ‘ನಂದಿ ಕಣಿವೆ’ಯದು. ರಾಜಧಾನಿಯಿಂದ ಒಂದೂವರೆ ಗಂಟೆಯ ಹಾದಿಯಲ್ಲಿದ್ದರೂ ಈ ಸೀಮೆಯ ಪರಿಚಯ ರಾಜಧಾನಿಯ ಜನರಿಗೇ ಕಡಿಮೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತ ಎರಡು ಬಗೆಯ ತೋಟಗಳು ಕಾಣಸಿಗುತ್ತವೆ. ಒಂದರಲ್ಲಿ ಕಲ್ಲುಕಂಬಗಳ ಮೇಲೆ ತಂತಿ ಎಳೆದು, ತಲೆಯ ಮೇಲೆ ಚಪ್ಪರದಂತೆ ಬಳ್ಳಿ ಹಬ್ಬಿಸಿರುತ್ತಾರೆ; ಗೊಂಚಲುಗಳು ಕೆಳಮುಖವಾಗಿ ಜೋತುಬಿದ್ದಿರುತ್ತವೆ. ಇನ್ನೊಂದರಲ್ಲಿ ಬಳ್ಳಿಗಳು ಬೇಲಿಯಂತೆ ನೇರ ಸಾಲಿನಲ್ಲಿ ನಿಂತಿರುತ್ತವೆ. ಮೊದಲನೆಯದು ಬಹುತೇಕ ಈ ಸೀಮೆಯ ಹಳೆಯ ಬೆಳೆಯಾದ ‘ಬೆಂಗಳೂರು ನೀಲಿ’ಯದೋ ‘ದಿಲ್‌ಖುಷ್’ನದೋ ತೋಟ. ಎರಡನೆಯದು ಕೆಬರ್ನೆ ಸೊವಿನ್ಯೋಂ, ಶಿರಾಜ್ ಮುಂತಾದ ಫ್ರೆಂಚ್ ತಳಿಗಳ ತೋಟ. ನಂದಿ ಕಣಿವೆಗೆ ಕೀರ್ತಿ ತಂದದ್ದು ಎರಡನೆಯದು. ರೈತರ ಮನೆಯ ಒಲೆ ಉರಿಸುತ್ತ ಬಂದದ್ದು ಮೊದಲನೆಯದು.

ಬೆಂಗಳೂರು ನೀಲಿ ಈ ಭಾಗದಲ್ಲಿ ಸುಮಾರು 150 ವರ್ಷಗಳಿಂದ ಬೆಳೆಯುತ್ತಿದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಸ್ವಾರಸ್ಯವೆಂದರೆ, ಊರಿನ ಹೆಸರನ್ನೇ ಹೊತ್ತ ಈ ಹಣ್ಣು ಹುಟ್ಟಿನಿಂದ ಈ ಊರಿನದಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಅಮೆರಿಕ ಮೂಲದ ‘ಇಸಾಬೆಲ್ಲಾ’ ಎಂಬ ತಳಿಯೆಂದು ಗುರುತಿಸುತ್ತಾರೆ. ದಪ್ಪ ಸಿಪ್ಪೆ, ಹಿಚುಕಿದರೆ ಸಿಪ್ಪೆಯಿಂದ ಜಾರಿ ಹೊರಬರುವ ತಿರುಳು, ಬೀಜ, ದೂರದಿಂದಲೇ ಮೂಗಿಗೆ ಬಡಿಯುವ ಗಾಢ ಪರಿಮಳ. ಯುರೋಪಿನ ವೈನ್ ತಜ್ಞರಿಗೆ ಈ ವಾಸನೆ ಹಿಡಿಸದು. ಇಸಾಬೆಲ್ಲಾದಿಂದ ವೈನ್ ತಯಾರಿಸಿ ಮಾರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ಅವಕಾಶವೇ ಇಲ್ಲ. ಇಲ್ಲಿ ಮಾತ್ರ ಅದು ಹಣ್ಣಾಗಿ ಬುಟ್ಟಿಗೂ, ರಸವಾಗಿ ಬಾಟಲಿಗೂ, ಜಾಮ್ ಆಗಿ ಡಬ್ಬಿಗೂ, ಕಡಿಮೆ ಬೆಲೆಯ ಸಿಹಿ ವೈನ್ ಆಗಿ ಮದ್ಯದಂಗಡಿಗೂ ಸೇರುತ್ತದೆ.

ಫ್ರೆಂಚ್ ತಳಿಗಳು ಬಂದ ಬಗೆ ಬೇರೆ. ಫ್ರಾನ್ಸ್ ದೇಶದೊಡನೆ ಯಂತ್ರೋಪಕರಣಗಳ ವ್ಯವಹಾರ ನಡೆಸುತ್ತಿದ್ದ ಉದ್ಯಮಿ ಕನ್ವಲ್ ಗ್ರೋವರ್ ಅವರಿಗೆ ಭಾರತದಲ್ಲಿ ಒಳ್ಳೆಯ ವೈನ್ ಏಕಾಗಬಾರದೆಂಬ ಯೋಚನೆ ಹೊಳೆಯಿತು. ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೇಶದ ನಾನಾ ಕಡೆ ಮಣ್ಣು, ಹವೆ ಪರೀಕ್ಷಿಸಿ, ಕೊನೆಗೆ ಅವರು ಆಯ್ದುಕೊಂಡದ್ದು ನಂದಿಬೆಟ್ಟದ ತಪ್ಪಲನ್ನು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟ ತಲೆಯೆತ್ತಿತು. 1990ರ ದಶಕದಲ್ಲಿ ಬೋರ್ಡೊದ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಇಲ್ಲಿಗೆ ಸಲಹೆಗಾರರಾಗಿ ಬಂದ ಮೇಲೆ ‘ಲಾ ರಿಸರ್ವ್’ ಎಂಬ ಕೆಂಪು ವೈನ್ ವಿದೇಶಿ ಪತ್ರಿಕೆಗಳ ಗಮನವನ್ನೂ ಸೆಳೆಯಿತು. 2012ರಲ್ಲಿ ಸಂಸ್ಥೆಯು ನಾಸಿಕ ಸೀಮೆಯ ವ್ಯಾಲಿ ದ ವ್ಯಾನ್ ಜೊತೆ ವಿಲೀನಗೊಂಡು ಗ್ರೋವರ್ ಜಂಪಾ ಆಯಿತು.

ವೈನ್ ದ್ರಾಕ್ಷಿ ಸಾಂಪ್ರದಾಯಿಕವಾಗಿ ಬೆಳೆಯುವುದು ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿ ದೂರದ ಸಮಶೀತೋಷ್ಣ ವಲಯದಲ್ಲಿ. ನಂದಿಬೆಟ್ಟ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಈ ಕೊರತೆಯನ್ನು ತುಂಬಿಕೊಡುವುದು ಎತ್ತರ. ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ 1478 ಮೀಟರ್, ತಪ್ಪಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬಿದರೆ, ರಾತ್ರಿಯ ತಂಪು ಅದರ ಹುಳಿಯನ್ನು ಕಾಯುತ್ತದೆ. ಹುಳಿ ಉಳಿಯದಿದ್ದರೆ ವೈನ್ ಸಪ್ಪೆ. ನೀರು ನಿಲ್ಲದ ಕೆಂಪು ಗರಸು ಮಣ್ಣೂ ಬಳ್ಳಿಗೆ ಹಿತ.

ಆದರೆ ಇಲ್ಲಿ ಹಿಮ ಬೀಳುವ ಚಳಿಗಾಲವಿಲ್ಲ. ಶೀತ ದೇಶಗಳಲ್ಲಿ ಬಳ್ಳಿ ಎಲೆಯುದುರಿಸಿ ಮೂರ್ನಾಲ್ಕು ತಿಂಗಳು ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಹಾಗಾಗಿ ಋತು ಮಾಡಬೇಕಾದ ಕೆಲಸವನ್ನು ಕತ್ತರಿ ಮಾಡುತ್ತದೆ. ಬೇಸಿಗೆಯಲ್ಲಿ ಒಮ್ಮೆ ಬಳ್ಳಿ ಸವರಿದರೆ ಹೊಸ ರೆಂಬೆಗಳು ಬಲಿಯುತ್ತವೆ. ಮಳೆ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸವರಿದರೆ ಅವೇ ರೆಂಬೆಗಳಲ್ಲಿ ಹೂ ಕಟ್ಟುತ್ತದೆ. ಕೊಯ್ಲು ಫೆಬ್ರುವರಿ–ಮಾರ್ಚ್ ಆಸುಪಾಸಿನಲ್ಲಿ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಯುವುದು ಸೆಪ್ಟೆಂಬರ್‌ನಲ್ಲಿ ಎಂಬುದನ್ನು ನೆನೆದರೆ ಈ ತಿರುವುಮುರುವು ಅರ್ಥವಾಗುತ್ತದೆ. ಬೆಂಗಳೂರು ನೀಲಿಯದು ಇನ್ನೂ ಧಾರಾಳ ಸ್ವಭಾವ. ಎರಡು ಬಾರಿ ಸವರಿದರೆ ಎರಡು ಫಸಲನ್ನೂ ಕೊಡುತ್ತದೆ. ಎರಡು ವರ್ಷಗಳಲ್ಲಿ ಐದು ಫಸಲು ತೆಗೆಯುವವರೂ ಉಂಟು.

ರೈತನ ಲೆಕ್ಕಾಚಾರ ಆರಂಭವಾಗುವುದು ಇಲ್ಲಿಂದಲೇ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ಬಳಿಕ ನಂದಿ, ಕೃಷ್ಣಾ, ಕಾವೇರಿ ಕಣಿವೆಗಳ ಹೆಸರು ವೈನ್ ಸೀಮೆಗಳಾಗಿ ಚಾಲ್ತಿಗೆ ಬಂದವು, ವೈನ್ ಮಂಡಳಿಯೂ ರಚನೆಯಾಯಿತು. ವೈನರಿಗಳು ಸ್ವಂತ ತೋಟಗಳ ಜೊತೆಗೆ ರೈತರೊಡನೆ ಒಪ್ಪಂದ ಮಾಡಿಕೊಂಡೂ ಹಣ್ಣು ಕೊಳ್ಳತೊಡಗಿದವು. ಒಪ್ಪಂದವಿದ್ದರೆ ಬೆಲೆಯ ಭರವಸೆ ಇರುತ್ತದೆ, ನಿಜ. ಆದರೆ ವೈನ್ ತಳಿಯ ಹಣ್ಣು ಗಾತ್ರದಲ್ಲಿ ಚಿಕ್ಕದು, ಬೀಜ ಜಾಸ್ತಿ. ಗುಣಮಟ್ಟಕ್ಕಾಗಿ ಇಳುವರಿಯನ್ನು ಬೇಕೆಂದೇ ತಗ್ಗಿಸಬೇಕಾಗುತ್ತದೆ. ವೈನರಿ ಬೇಡವೆಂದರೆ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಬೆಂಗಳೂರು ನೀಲಿ ಬೆಳೆದವನಿಗೆ ಮಾರಾಟದ ನಾಲ್ಕು ಬಾಗಿಲು. ಶಿರಾಜ್ ಬೆಳೆದವನಿಗೆ ಒಂದೇ. ಫ್ರೆಂಚ್ ತಳಿಯ ಕೀರ್ತಿ ಎಷ್ಟೇ ಹಬ್ಬಿದರೂ ಸಣ್ಣ ರೈತ ಹಳೆಯ ಚಪ್ಪರವನ್ನು ಬಿಟ್ಟುಕೊಡದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಾಗೆಂದು ನಾಲ್ಕು ಬಾಗಿಲೂ ಸದಾ ತೆರೆದಿರುವುದಿಲ್ಲ. 2020ರ ಲಾಕ್‌ಡೌನ್ ಎರಗಿದ್ದು ಕೊಯ್ಲಿನ ಹೊತ್ತಿನಲ್ಲೇ. ಸಾಗಣೆ ನಿಂತು ಹಣ್ಣು ಬಳ್ಳಿಯಲ್ಲೇ ಉಳಿಯಿತು. 2021ರ ನವೆಂಬರ್‌ನ ಅಕಾಲಿಕ ಮಳೆಯೂ ಈ ಭಾಗದ ತೋಟಗಳನ್ನು ಕಾಡಿತು.

ಎರಡೂ ದ್ರಾಕ್ಷಿಗಳಿಗೆ ಸಮಾನವಾದ ಆತಂಕವೊಂದಿದೆ, ಅದು ಬೆಂಗಳೂರೇ. 2008ರಲ್ಲಿ ದೇವನಹಳ್ಳಿಯಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸುತ್ತಲಿನ ಭೂಮಿಯ ಬೆಲೆ ಯಾವ ಫಸಲಿನ ಆದಾಯಕ್ಕೂ ಎಟುಕದಷ್ಟು ಏರಿತು. ತೋಟಗಳ ಪಕ್ಕದಲ್ಲಿ ಬಡಾವಣೆಗಳ ಕಮಾನುಗಳು ಎದ್ದವು. ಚನ್ನರಾಯಪಟ್ಟಣ ಹೋಬಳಿಯಲ್ಲಿ 1777 ಎಕರೆ ಭೂಸ್ವಾಧೀನದ ವಿರುದ್ಧ ದ್ರಾಕ್ಷಿ, ರಾಗಿ, ತರಕಾರಿ ಬೆಳೆಯುವ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ನೀರಿನ ಚಿಂತೆ ಬೇರೆ. ಬೇಸಾಯಕ್ಕೆ ಒದಗುವ ಜೀವನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ತ್ಯಾಜ್ಯನೀರು ಸಂಸ್ಕರಣೆಗೊಂಡು ಈ ಭಾಗದ ಕೆರೆಗಳಿಗೆ ಬರುತ್ತಿದೆ. ನಗರ ಒಂದು ಕೈಯಲ್ಲಿ ಭೂಮಿ ಕೇಳುತ್ತ ಇನ್ನೊಂದು ಕೈಯಲ್ಲಿ ತಾನು ಬಳಸಿಬಿಟ್ಟ ನೀರು ಕೊಡುತ್ತಿದೆ.

ನೋಡಹೋಗುವವರಿಗೆ ಒಂದು ದಿನ ಸಾಕು, ಆದರೆ ಬೆಟ್ಟದ ತುದಿಯಿಂದಲೇ ಆರಂಭಿಸಬೇಕೆಂದಿಲ್ಲ. ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದ್ದು. ಬಾಣ, ಚೋಳ, ಹೊಯ್ಸಳ, ವಿಜಯನಗರ ಕಾಲದ ಕೈಗಳೆಲ್ಲ ಅಲ್ಲಿ ಸೇರಿವೆ. ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಕಳೆಯುವ ಅರ್ಧ ಗಂಟೆ ಬೆಟ್ಟದ ಮೇಲಿನ ಗದ್ದಲಕ್ಕಿಂತ ಮೇಲು. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಅಲ್ಲಿಗೆ ಹತ್ತಿರ. ಬೆಟ್ಟದ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, 1791ರಲ್ಲಿ ಬ್ರಿಟಿಷರ ವಶವಾದ ಕೋಟೆಯ ಗೋಡೆಗಳಿವೆ.

ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ವೈನರಿಯಿದೆ. ಮೊದಲೇ ತಿಳಿಸಿ ಹೋದರೆ ತೋಟ, ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳ ನೆಲಮನೆ ಎಲ್ಲವನ್ನೂ ತೋರಿಸಿ, ಕೊನೆಗೆ ರುಚಿ ನೋಡಲು ಕೊಡುವುದು ಅಲ್ಲಿನ ಪದ್ಧತಿ. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ರಸದೊಡನೆ ಹುದುಗುವ ಸಿಪ್ಪೆಯಿಂದ ಎಂಬುದು ಅನೇಕರಿಗೆ ತಿಳಿಯುವುದು ಇಂಥ ಭೇಟಿಯಲ್ಲೇ. ವಾಹನ ಓಡಿಸುವವರು ರುಚಿ ನೋಡದಿರುವುದು ಕ್ಷೇಮ. ಅವರು ಬೇಕಿದ್ದರೆ ದಾರಿಯಲ್ಲಿ ಬೆಂಗಳೂರು ನೀಲಿಯ ಒಂದು ಕಿಲೋ ಕೊಂಡು ತಿನ್ನಬಹುದು.